ಹೊಸ ವೈದ್ಯಕೀಯ ಉಪಕರಣಗಳ ಪ್ರಾತ್ಯಕ್ಷಿಕೆ: ಕೈಗೆ ಕೊಟ್ಟು, ಕೆಡಿಸಿ ತೋರಿಸುವ ಬಗೆ

ಉಪಕರಣ ಮೇಜಿನ ಮೇಲಿದೆ, ತಿಳಿದವರೊಬ್ಬರು ಅದರ ಗುಣಗಾನ ಮಾಡುತ್ತಿದ್ದಾರೆ, ಉಳಿದವರು ಸುತ್ತ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ವೈದ್ಯಕೀಯ ತಂತ್ರಜ್ಞಾನದ ಬಹುಪಾಲು ಪ್ರಾತ್ಯಕ್ಷಿಕೆಗಳು ಹೀಗೇ ಮುಗಿದುಹೋಗುತ್ತವೆ. ಬಂದವರು ಮನೆಗೆ ಹೋಗುವಾಗ ಯಂತ್ರದ ಹೆಸರು ನೆನಪಿರುತ್ತದೆ, ಅದು ಯಾವಾಗ ದಾರಿ ತಪ್ಪಿಸುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ರೋಗಿಯ ಪಕ್ಕ ನಿಂತಾಗ ಬೇಕಾಗುವುದು ಆ ತಿಳಿವಳಿಕೆಯೇ.

ಇಲ್ಲಿ ಹೇಳಿರುವ ಕ್ರಮ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಆಸ್ಪತ್ರೆಯ ಸಿಬ್ಬಂದಿ, ಆಸಕ್ತ ಸಾರ್ವಜನಿಕರು ಎಲ್ಲರಿಗೂ ಹೊಂದುತ್ತದೆ. ನಾಲ್ಕು ಮೇಜುಗಳು: ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪು), ಕೈಯಲ್ಲಿ ಹಿಡಿಯುವ ಇಸಿಜಿ (ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಸಾಧನ), ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ (ಶಬ್ದದ ಅಲೆಗಳಿಂದ ದೇಹದೊಳಗಿನ ಚಿತ್ರ ಕೊಡುವ ಸಾಧನ), ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಮೂಲಕ ನೋಡುತ್ತ ನಡೆಸುವ ಶಸ್ತ್ರಕ್ರಿಯೆ) ಅಭ್ಯಾಸದ ಪೆಟ್ಟಿಗೆ. ನಾಲ್ಕಕ್ಕೂ ಒಂದೇ ನಿಯಮ. ಮೊದಲು ಉಪಕರಣ ಸರಿಯಾಗಿ ಓಡಲಿ, ಆಮೇಲೆ ಬಂದವರೇ ಅದನ್ನು ಬೇಕೆಂದೇ ಕೆಡಿಸಲಿ, ಅಂದರೆ ಅದು ದಾರಿ ತಪ್ಪುವಂತೆ ಮಾಡಲಿ, ಕೊನೆಗೆ ಅವರೇ ಸರಿಪಡಿಸಲಿ.

ಜನ, ಹೊತ್ತು, ಮಾತು

ಒಂದು ಮೇಜಿಗೆ ಒಂದು ಸಲಕ್ಕೆ 5 ಜನ, ಹೆಚ್ಚೆಂದರೆ 6. ಏಳನೆಯವರು ಸೇರಿದ ಕೂಡಲೇ ಹಿಂದಿನ ಇಬ್ಬರು ಬರೀ ನೋಡುಗರಾಗುತ್ತಾರೆ. ಪ್ರತಿ ಮೇಜಿಗೆ 25 ನಿಮಿಷ, ಮೇಜು ಬದಲಿಸಲು 5 ನಿಮಿಷ. ಹೀಗೆ 20ರಿಂದ 24 ಜನ ಎರಡು ಗಂಟೆಯಲ್ಲಿ ನಾಲ್ಕೂ ಮೇಜುಗಳನ್ನು ಸುತ್ತಬಹುದು. ಪ್ರತಿ ಮೇಜಿನ ಬಳಿ ಆ ಉಪಕರಣ ಗೊತ್ತಿರುವ ಒಬ್ಬರು ಇರಲೇಬೇಕು. ಅವರ ಮಾತು 3 ನಿಮಿಷ ಮೀರಬಾರದು, ಆಮೇಲೆ ಅವರ ಎರಡೂ ಕೈ ಬೆನ್ನ ಹಿಂದೆ ಇರಬೇಕು. ತಿಳಿದವರಿಗೆ ಇದು ತುಂಬ ಕಷ್ಟ. ಹೊಸಬರು ತಡವರಿಸುವುದನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗಿ ಉಪಕರಣ ಕಿತ್ತುಕೊಳ್ಳುತ್ತದೆ. ಹಾಗೆ ಕಿತ್ತುಕೊಂಡ ಕ್ಷಣವೇ ಕಲಿಕೆ ನಿಲ್ಲುತ್ತದೆ.

ಒಬ್ಬೊಬ್ಬರಿಗೂ ಅಂಗೈ ಅಗಲದ ಒಂದು ಕಾರ್ಡು ಕೊಡಿ. ಉಪಕರಣವನ್ನು ಕೆಡಿಸುವ ಪ್ರತಿ ಹಂತಕ್ಕೂ ಮೊದಲು, ‘ಈಗ ಏನಾಗಬಹುದು’ ಎಂದು ಅದರಲ್ಲಿ ಒಂದು ಸಾಲು ಬರೆಯಲಿ. ಬರೆದದ್ದು ಸುಳ್ಳಾದಾಗ ಏಳುವ ಪ್ರಶ್ನೆಗಳಿಗೆ ಬೇರೆಯೇ ತೂಕವಿರುತ್ತದೆ.

ಪಲ್ಸ್ ಆಕ್ಸಿಮೀಟರ್

ಇದರಿಂದಲೇ ಶುರುಮಾಡಿ. ಎಲ್ಲರಿಗೂ ಪರಿಚಯವಿರುವ ಸಾಧನ, ಹಾಗಾಗಿ ಎಲ್ಲರೂ ಕಣ್ಣುಮುಚ್ಚಿ ನಂಬುವ ಸಾಧನವೂ ಹೌದು. ಇದರ ಮೂಲ ಉಪಾಯ ಜಪಾನಿನ ತಕುವೊ ಅಓಯಾಗಿ ಅವರದು. 1970ರ ದಶಕದ ಮೊದಲ ವರ್ಷಗಳಲ್ಲಿ ಅವರು ಇದನ್ನು ರೂಪಿಸಿದರು. ಕ್ಲಿಪ್ಪಿನ ಒಂದು ಬದಿಯಿಂದ ಎರಡು ಬಗೆಯ ಬೆಳಕು ಹೊರಡುತ್ತದೆ: ಸುಮಾರು 660 ನ್ಯಾನೊಮೀಟರಿನ ಕೆಂಪು, ಸುಮಾರು 940 ನ್ಯಾನೊಮೀಟರಿನ ಅವಕೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ, ಅವಕೆಂಪನ್ನು ಹೆಚ್ಚಾಗಿ ಹೀರುತ್ತದೆ. ಆಮ್ಲಜನಕ ಇಲ್ಲದ್ದು ಇದಕ್ಕೆ ತದ್ವಿರುದ್ಧ. ಚರ್ಮ, ಮೂಳೆ, ಅಭಿಧಮನಿಯ ರಕ್ತ ಇವೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳಕು ನುಂಗುತ್ತವೆ. ಬಡಿತಕ್ಕೊಮ್ಮೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಆ ಏರಿಳಿತವನ್ನಷ್ಟೇ ಹೆಕ್ಕಿ, ಎರಡು ಬೆಳಕಿನ ಅನುಪಾತದಿಂದ ಯಂತ್ರ ಶೇಕಡಾವಾರು ಅಂಕಿ ಕೊಡುತ್ತದೆ. ಏರಿಳಿತ ಕಾಣದಿದ್ದರೆ ಅಂಕಿಗೆ ಆಧಾರವೇ ಇಲ್ಲ.

ಮೇಜಿಗೆ ಬೇಕಾದ್ದು: ನಾಡಿಯ ಅಲೆಯನ್ನೂ ತೋರಿಸುವ ಆಕ್ಸಿಮೀಟರ್ ಎರಡು (ಅಂಕಿ ಮಾತ್ರ ತೋರಿಸುವುದು ಬೇಡ), ಕೈಯಿಂದ ಗಾಳಿ ಹಾಕುವ ಬಿಪಿ ಉಪಕರಣ ಒಂದು, ತಣ್ಣೀರಿನ ಬೋಗುಣಿ, ಟವೆಲ್, ಕಡು ನೀಲಿ ಅಥವಾ ಕಪ್ಪು ಉಗುರುಬಣ್ಣ, ಅದನ್ನು ತೆಗೆಯುವ ದ್ರಾವಣ, ಒಂದು ಪ್ರಖರ ಟಾರ್ಚ್.

ಮೊದಲು ಸರಿಯಾದ ಅಳತೆ. ಕೈ ಮೇಜಿನ ಮೇಲೆ ಒರಗಿರಲಿ, ಬೆರಳು ಕ್ಲಿಪ್ಪಿನ ತುದಿಯವರೆಗೆ ಹೋಗಲಿ, ಉಗುರು ಮೇಲಿರಲಿ. 30 ಸೆಕೆಂಡ್ ಕಾಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು ಮಣಿಕಟ್ಟಿನ ನಾಡಿ ಹಿಡಿದು ಎಣಿಸಲಿ. ಯಂತ್ರ ತೋರಿಸುವ ನಾಡಿದರ, ಕೈಯಿಂದ ಎಣಿಸಿದ ನಾಡಿದರ ತಾಳೆಯಾದರೆ ಮಾತ್ರ ಆಮ್ಲಜನಕದ ಅಂಕಿಯತ್ತ ಕಣ್ಣು ಹಾಯಿಸಬೇಕು. ಈ ಒಂದು ಅಭ್ಯಾಸ ಕೈಗೆ ಹತ್ತಿದರೂ ಈ ಮೇಜು ಸಾರ್ಥಕ.

ಈಗ ಕೆಡಿಸುವ ಸರದಿ. ಆಕ್ಸಿಮೀಟರ್ ಇರುವ ತೋಳಿಗೇ ಬಿಪಿ ಪಟ್ಟಿ ಕಟ್ಟಿ, ಮೇಲಿನ ರಕ್ತದೊತ್ತಡಕ್ಕಿಂತ 20ರಿಂದ 30 ಮಿಲಿಮೀಟರ್ ಹೆಚ್ಚು ಗಾಳಿ ತುಂಬಿ. ಪರದೆಯ ಅಲೆ ಮಲಗಿಬಿಡುತ್ತದೆ. ಆದರೆ ಹಳೆಯ ಅಂಕಿ ಕೆಲವು ಸೆಕೆಂಡ್ ಹಾಗೆಯೇ ನಿಂತಿರುತ್ತದೆ, ಆಮೇಲಷ್ಟೇ ಗೆರೆಗಳಾಗುತ್ತದೆ. ಯಂತ್ರ ಹಿಂದಿನ ಕೆಲವು ಬಡಿತಗಳ ಸರಾಸರಿಯನ್ನು ತೋರಿಸುವುದೇ ಇದಕ್ಕೆ ಕಾರಣ. ರಕ್ತವೇ ಹರಿಯದ ಬೆರಳಿನ ಮೇಲೆ 98 ಎಂದು ಹೊಳೆಯುವ ಅಂಕಿಯನ್ನು ಎಲ್ಲರೂ ಕಣ್ಣಾರೆ ನೋಡಲಿ. ಪಟ್ಟಿಯನ್ನು 30 ಸೆಕೆಂಡಿಗಿಂತ ಹೆಚ್ಚು ಬಿಗಿಯಾಗಿ ಇಡಬೇಡಿ. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿರುವ ತೋಳಿಗೆ, ಸ್ತನ ಶಸ್ತ್ರಕ್ರಿಯೆಯಾದ ಬದಿಯ ತೋಳಿಗೆ ಕಟ್ಟಲೇಬೇಡಿ.

ಮುಂದೆ ಕೈಯನ್ನು ಒಂದು ನಿಮಿಷ ತಣ್ಣೀರಿನಲ್ಲಿಟ್ಟು ಒರೆಸಿ ಅಳೆಯಿರಿ. ಅಲೆ ಕುಗ್ಗುತ್ತದೆ, ಅಂಕಿ ತಡವಾಗಿ ಬರುತ್ತದೆ ಇಲ್ಲವೇ ಬರುವುದೇ ಇಲ್ಲ. ಉಗುರುಬಣ್ಣ ಹಚ್ಚಿದ ಬೆರಳು, ಹಚ್ಚದ ಬೆರಳು ಎರಡನ್ನೂ ಹೋಲಿಸಿ. ಬಣ್ಣದ ಬೆರಳನ್ನೇ ಅಡ್ಡಲಾಗಿ ತಿರುಗಿಸಿ ಹಿಡಿದರೆ ಬೆಳಕು ಉಗುರನ್ನು ತಪ್ಪಿಸಿ ಹೋಗುತ್ತದೆ, ಎಷ್ಟೋ ಸಲ ಅಂಕಿ ಸರಿಹೋಗುತ್ತದೆ. ಬೆರಳಿನಿಂದ ಮೇಜನ್ನು ತಾಳಬದ್ಧವಾಗಿ ತಟ್ಟಿದರೆ ಯಂತ್ರ ಆ ತಾಳವನ್ನೇ ನಾಡಿ ಎಂದು ಎಣಿಸಬಹುದು. ಅಲುಗಾಟ ಎರಡೂ ಬೆಳಕನ್ನು ಸಮವಾಗಿ ಏರಿಳಿಸಿದರೆ ಅನುಪಾತ 1ರ ಹತ್ತಿರ ಬರುತ್ತದೆ. ಆ ಅನುಪಾತಕ್ಕೆ ಹೊಂದುವ ಅಂಕಿ ಸುಮಾರು 85. ನಡುಗುವ ಕೈಯ ಮೇಲೆ 85ರ ಆಸುಪಾಸಿನ ಅಂಕಿ ಕಂಡಾಗ ಮೊದಲು ಅಲುಗಾಟವನ್ನೇ ಅನುಮಾನಿಸಬೇಕು.

ಕೆಡಿಸಿ ತೋರಿಸಲಾಗದ ಎರಡು ಸಂಗತಿಗಳನ್ನು ಬಾಯಲ್ಲೇ ಹೇಳಿ. ಕಾರ್ಬನ್ ಮಾನಾಕ್ಸೈಡ್ ಸೇರಿದ ಹಿಮೋಗ್ಲೋಬಿನ್ನನ್ನು ಈ ಎರಡು ಬೆಳಕಿನಿಂದ ಬೇರ್ಪಡಿಸಲು ಆಗುವುದಿಲ್ಲ, ಬೆಂಕಿಯ ಹೊಗೆ ಕುಡಿದವರಲ್ಲಿ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕಪ್ಪು ಮೈಬಣ್ಣದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯೂ ಇದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ಮತ್ತೆ ಎತ್ತಿ ತೋರಿಸಿತು. ಅಂಕಿ ಇಳಿಯುವುದನ್ನು ನೋಡಲೆಂದು ಯಾರಿಗೂ ಉಸಿರು ಬಿಗಿಹಿಡಿಯಲು ಹೇಳಬೇಡಿ. ಅದು ಪೈಪೋಟಿಯಾಗಿ, ಯಾರಾದರೂ ತಲೆ ತಿರುಗಿ ಬೀಳುತ್ತಾರೆ.

ಕೈಯಲ್ಲಿ ಹಿಡಿಯುವ ಇಸಿಜಿ

ಎರಡು ಕೈಯ ಬೆರಳುಗಳನ್ನು ಎರಡು ಲೋಹದ ಪಟ್ಟಿಗಳ ಮೇಲಿಟ್ಟರೆ 30 ಸೆಕೆಂಡಿನಲ್ಲಿ ಒಂದು ಗೆರೆ. ಹಳೆಯ ಇಸಿಜಿಯ ಮೊದಲನೇ ಲೀಡ್ ಇದೇ: ಎಡಗೈ ಮತ್ತು ಬಲಗೈ ನಡುವಿನ ವಿದ್ಯುತ್ ವ್ಯತ್ಯಾಸ. ನೆದರ್ಲೆಂಡ್ಸಿನ ವಿಜ್ಞಾನಿ ವಿಲೆಮ್ ಐಂತೋವನ್ ಇಡೀ ಕೋಣೆ ತುಂಬುವ ಯಂತ್ರದಲ್ಲಿ, ಉಪ್ಪುನೀರಿನ ಬಕೆಟ್ಟುಗಳಲ್ಲಿ ರೋಗಿಯ ಕೈಕಾಲು ಮುಳುಗಿಸಿ ಇದನ್ನು ಅಳೆದರು. 1924ರ ನೊಬೆಲ್ ಬಂದದ್ದು ಆ ಕೆಲಸಕ್ಕೆ.

ಗೆರೆಯನ್ನು ಮುದ್ರಿಸಿಯೋ ದೊಡ್ಡ ಪರದೆಯಲ್ಲೋ ತೋರಿಸಿ. ರೂಢಿಯ ವೇಗ ಸೆಕೆಂಡಿಗೆ 25 ಮಿಲಿಮೀಟರ್, ಎತ್ತರ ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್. ಆ ವೇಗದಲ್ಲಿ ಒಂದು ದೊಡ್ಡ ಚೌಕ 0.2 ಸೆಕೆಂಡ್. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕವಿದ್ದರೆ 75. ಯಂತ್ರದ ಅಂಕಿಯನ್ನು ಮುಚ್ಚಿಟ್ಟು, ಎಲ್ಲರೂ ಕೈಯಾರೆ ಲೆಕ್ಕ ಹಾಕಲಿ.

ಇಲ್ಲಿ ಕೆಡಿಸುವ ಕೆಲಸ ಸುಲಭ, ನೋಡಲು ಬಲು ಸೊಗಸು. ಉಪಕರಣವನ್ನು ತಿರುಗಿಸಿ ಹಿಡಿದು ಎಡಗೈ, ಬಲಗೈ ಅದಲುಬದಲು ಮಾಡಿ, ಗೆರೆಯೇ ತಲೆಕೆಳಗಾಗುತ್ತದೆ. ಹೃದಯ ಅದೇ, ನೋಡುವ ದಿಕ್ಕು ಮಾತ್ರ ಬದಲು. ಬೆರಳನ್ನು ಒಣಗಿಸಿ ಮೆಲ್ಲಗೆ ತಾಗಿಸಿದರೆ ಗೆರೆ ಏರಿ ಇಳಿದು ತೇಲಾಡುತ್ತದೆ, ಒಂದು ಹನಿ ನೀರು ಹಚ್ಚಿದರೆ ನಿಲ್ಲುತ್ತದೆ. ಉಪಕರಣವನ್ನು ಬಿಗಿಯಾಗಿ ಹಿಸುಕಿದರೆ ತೋಳಿನ ಸ್ನಾಯುಗಳ ವಿದ್ಯುತ್ತು ಸೇರಿ ಗೆರೆ ಹುಲ್ಲಿನಂತೆ ನವಿರೇಳುತ್ತದೆ, ಮೊಣಕೈಯನ್ನು ಮೇಜಿಗೆ ಒರಗಿಸಿದರೆ ಶಾಂತವಾಗುತ್ತದೆ. ಇಂಥ ಗೆರೆಯನ್ನು ತಂತ್ರಾಂಶ ಎಷ್ಟೋ ಸಲ ‘ಓದಲಾಗದು’ ಎನ್ನುತ್ತದೆ, ಕೆಲವೊಮ್ಮೆ ಲಯ ತಪ್ಪಿದೆ ಎಂದು ಹೆದರಿಸುವುದೂ ಉಂಟು. ಒಂದೇ ಲೀಡ್‌ನಿಂದ ಲಯ ನೋಡಬಹುದು, ಹೃದಯಾಘಾತ ಇಲ್ಲವೆಂದು ಹೇಳಲು ಬರುವುದಿಲ್ಲ. ಈ ಮಾತನ್ನು ಮೇಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಪೇಸ್‌ಮೇಕರ್ ಇರುವವರು ಈ ಮೇಜಿನಲ್ಲಿ ನೋಡಲಿ, ಮುಟ್ಟುವುದು ಬೇಡ.

ಅಲ್ಟ್ರಾಸೌಂಡ್: ಫ್ಯಾಂಟಮ್ ಮಾಡುವುದು

ಹೆಚ್ಚಿನ ತಯಾರಿ ಬೇಡುವ ಮೇಜು ಇದು. ಬಂದವರ ಹೊಟ್ಟೆ, ಹೃದಯ, ಕುತ್ತಿಗೆಗೆ ಪ್ರೋಬ್ (ಮೈಗೆ ತಾಗಿಸಿ ಹಿಡಿಯುವ, ಶಬ್ದ ಕಳಿಸಿ ಮರಳಿ ಪಡೆಯುವ ಭಾಗ) ಇಡುವುದು ಸಲ್ಲದು. ಏನೋ ಗಂಟು ಕಂಡರೆ ಅಲ್ಲಿ ಉತ್ತರ ಹೇಳುವವರಿರುವುದಿಲ್ಲ. ಗರ್ಭಿಣಿಯರ ಮೇಲಂತೂ ಯಾವ ಕಾರಣಕ್ಕೂ ಇಡಕೂಡದು. ಯಂತ್ರ ಇಟ್ಟುಕೊಳ್ಳಲು, ಬೇರೆಡೆಗೆ ಒಯ್ಯಲು ನೋಂದಣಿ ಕಡ್ಡಾಯವಿರುವ ಕಡೆ ಆ ಕಾಗದಪತ್ರ ಮೊದಲೇ ಆಗಿರಬೇಕು. ಅಭ್ಯಾಸಕ್ಕೆ ಜೆಲಾಟಿನ್ ಗಟ್ಟಿಯೇ ಸಾಕು. ದೇಹದ ಬದಲಿಗೆ ಬಳಸುವ ಇಂಥದನ್ನು ಫ್ಯಾಂಟಮ್ ಎನ್ನುತ್ತಾರೆ.

20 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲ, ಕನಿಷ್ಠ 8 ಸೆಂಟಿಮೀಟರ್ ಆಳದ ಪ್ಲಾಸ್ಟಿಕ್ ಡಬ್ಬಿ ಒಂದಕ್ಕೆ: ನೀರು 2 ಲೀಟರ್, ರುಚಿ ಮತ್ತು ಸಕ್ಕರೆ ಇಲ್ಲದ ಜೆಲಾಟಿನ್ ಪುಡಿ 200 ಗ್ರಾಂ, ನುಣ್ಣಗೆ ಪುಡಿ ಮಾಡಿದ ಇಸಬ್‌ಗೋಲ್ ಹೊಟ್ಟು 20 ಗ್ರಾಂ, ಯಾವುದಾದರೂ ಕಡುಬಣ್ಣ ಸ್ವಲ್ಪ. ಜೆಲಾಟಿನ್ ಮಾತ್ರ ಹಾಕಿದರೆ ಪರದೆ ಕಪ್ಪಾಗಿ ಖಾಲಿ ಕಾಣುತ್ತದೆ, ಏಕೆಂದರೆ ಒಳಗೆ ಶಬ್ದವನ್ನು ಚದುರಿಸುವ ಕಣಗಳಿರುವುದಿಲ್ಲ. ಇಸಬ್‌ಗೋಲ್ ಆ ಕಣಗಳನ್ನು ಒದಗಿಸಿ, ಮಾಂಸಖಂಡದಂತಹ ಬೂದು ಹಿನ್ನೆಲೆ ಕೊಡುತ್ತದೆ. ಹೊಟ್ಟನ್ನು ಪುಡಿ ಮಾಡದೆ ಹಾಕಿದರೆ ಉಂಡೆಗಟ್ಟಿ ಅಲ್ಲಲ್ಲಿ ಸುಳ್ಳು ಗಂಟುಗಳಾಗಿ ಕಾಣುತ್ತದೆ.

ಅರ್ಧ ಲೀಟರ್ ತಣ್ಣೀರಿನ ಮೇಲೆ ಜೆಲಾಟಿನ್ನನ್ನು ಉದುರಿಸಿ 10 ನಿಮಿಷ ನೆನೆಯಲು ಬಿಡಿ. ಉಳಿದ ಒಂದೂವರೆ ಲೀಟರನ್ನು ಸುಮಾರು 70 ಡಿಗ್ರಿಗೆ ಕಾಯಿಸಿ. ಆವಿ ಏಳಬೇಕು, ಕುದಿ ಬರಬಾರದು. ಕುದಿಸಿದರೆ ಜೆಲಾಟಿನ್ನಿನ ಹಿಡಿತ ಸಡಿಲವಾಗಿ ಗಟ್ಟಿ ಮೆತ್ತಗಾಗುತ್ತದೆ. ನೆನೆದ ಜೆಲಾಟಿನ್ ಅದರಲ್ಲಿ ಪೂರ್ತಿ ಕರಗಿದ ಮೇಲೆ ಇಸಬ್‌ಗೋಲ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಕಲಕಿ. ಮಿಕ್ಸರ್ ಬಳಸಬೇಡಿ, ನೊರೆ ಬರುತ್ತದೆ. ಒಳಗೆ ಸಿಕ್ಕಿದ ಪ್ರತಿ ಗುಳ್ಳೆಯೂ ಪರದೆಯಲ್ಲಿ ಬಿಳಿ ಚುಕ್ಕೆಯಾಗಿ, ಅದರ ಕೆಳಗೆ ಮಬ್ಬು ನೆರಳಾಗಿ ಕಾಡುತ್ತದೆ. ಮೇಲೆ ನಿಂತ ನೊರೆಯನ್ನು ಚಮಚದಿಂದ ತೆಗೆದುಹಾಕಿ. ಆಗಾಗ ಕಲಕುತ್ತಲೇ ಆರಿಸಿ, ಇಲ್ಲವಾದರೆ ಪುಡಿಯೆಲ್ಲ ತಳ ಸೇರುತ್ತದೆ.

ಡಬ್ಬಿಯ ಒಳಬದಿಗೆ ತೆಳ್ಳಗೆ ಎಣ್ಣೆ ಸವರಿ, 3 ಸೆಂಟಿಮೀಟರ್ ಎತ್ತರಕ್ಕೆ ಸುರಿದು ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಡಿ. ಬೆರಳಿಟ್ಟರೆ ಅಂಟದಷ್ಟು ಗಟ್ಟಿಯಾದಾಗ, ಪರದೆಯಲ್ಲಿ ಹುಡುಕಬೇಕಾದ ಗುರಿಗಳನ್ನು ಜೋಡಿಸಿ. ರಕ್ತನಾಳಕ್ಕೆ ಉದ್ದನೆಯ ಬಲೂನು: ನೀರಿನೊಳಗೆ ಹಿಡಿದೇ ತುಂಬಿಸಿ, ಗಾಳಿಯೆಲ್ಲ ಹೋದ ಮೇಲೆ ಬಾಯಿಗೆ ಗಂಟು ಹಾಕಿ, ಡಬ್ಬಿಯ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿ. ದೇಹದೊಳಗಿನ ಗಡ್ಡೆಗೆ ಒಂದು ದ್ರಾಕ್ಷಿ. ಪಿತ್ತಕೋಶದ ಕಲ್ಲಿಗೆ ನೀರಿನಲ್ಲಿ ಕುದಿಸಿದ ಒಂದು ನುಣುಪು ಬೆಣಚುಕಲ್ಲು. ಕುದಿಸುವುದು ಮೇಲ್ಮೈಯ ಗಾಳಿ ಹೋಗಲಿ ಎಂದು. ಚುಚ್ಚಿಕೊಂಡ ಮುಳ್ಳಿಗೆ 2 ಸೆಂಟಿಮೀಟರಿನ ಮರದ ಕಡ್ಡಿ. ದ್ರಾಕ್ಷಿಯನ್ನು ಹಾಕುವ ಮೊದಲು ಅಳೆದು ಬರೆದಿಡಿ. ಯಾವುದು ಎಲ್ಲಿದೆ ಎಂಬ ನಕ್ಷೆಯನ್ನೂ ಆಗಲೇ ಬರೆಯಿರಿ, ಬಣ್ಣದ ಪದರ ಮುಚ್ಚಿದ ಮೇಲೆ ನಿಮಗೂ ಕಾಣದು.

ಎರಡನೇ ಪದರ ಸುರಿಯುವಾಗ ದ್ರವ ಸುಮಾರು 40 ಡಿಗ್ರಿ ಇರಲಿ. ಅದಕ್ಕಿಂತ ಬಿಸಿಯಾದರೆ ಕೆಳಪದರ ಕರಗಿ ಕಲ್ಲು ತಳಕ್ಕೆ ಹೋಗುತ್ತದೆ, ದ್ರಾಕ್ಷಿ ಜಾಗ ಬಿಡುತ್ತದೆ. ತೀರ ತಣ್ಣಗಾದರೆ ಎರಡು ಪದರ ಬೆಸೆಯದೆ ನಡುವೆ ಗಾಳಿ ಸಿಕ್ಕಿ, ಪರದೆಯಲ್ಲಿ ಅಡ್ಡಲಾಗಿ ಒಂದು ಬಿಳಿ ಗೆರೆ ಕೂರುತ್ತದೆ. ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಸುರಿದು, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ, ಮಂಜುಗಟ್ಟಿ ಕರಗಿದರೆ ನೀರೊಡೆದು ಬಿರುಕು ಬಿಡುತ್ತದೆ. ಮುಚ್ಚಿಟ್ಟರೆ ಒಂದು ವಾರ ಬಾಳುತ್ತದೆ, ಆಮೇಲೆ ಬೂಷ್ಟು.

ಎರಡು ಡಬ್ಬಿ ಮಾಡಿಟ್ಟುಕೊಳ್ಳಿ. ಬೆಚ್ಚಗಿನ ಕೋಣೆಯಲ್ಲಿ ಒಂದು ಗಂಟೆಯೊಳಗೆ ಮೇಲ್ಮೈ ಜಾರತೊಡಗುತ್ತದೆ, ಆಗ ಅದನ್ನು ಒಳಗಿಟ್ಟು ಇನ್ನೊಂದನ್ನು ತೆಗೆಯಬಹುದು. ಕೋಣೆ ತುಂಬ ಬಿಸಿಯಿದ್ದರೆ ಜೆಲಾಟಿನ್ ಬದಲು ಅಗರ್ (ಕಡಲಪಾಚಿಯಿಂದ ತೆಗೆದ, ಗಟ್ಟಿಯಾಗಿಸುವ ಪುಡಿ) 2ರಿಂದ 3 ಶೇಕಡಾ ಬಳಸಬಹುದು. ಅಗರ್ ಕರಗಲು ಸುಮಾರು 85 ಡಿಗ್ರಿ ಬೇಕು. ಆದರೆ ಪೆಡಸು, ಪ್ರೋಬ್ ಒತ್ತಿದರೆ ಒಡೆಯುತ್ತದೆ.

ಅಲ್ಟ್ರಾಸೌಂಡ್: ಪ್ರೋಬ್ ಕೈಗೆ ಬಂದ ಮೇಲೆ

ಈ ಫ್ಯಾಂಟಮ್‌ಗೆ ನೇರ ಮುಖದ ಪ್ರೋಬ್ ಒಳ್ಳೆಯದು, 5ರಿಂದ 12 ಮೆಗಾಹರ್ಟ್ಸ್ ನಡುವಿನದು. ಹೊಟ್ಟೆಗೆ ಬಳಸುವ ಬಾಗಿದ ಮುಖದ ಪ್ರೋಬ್ 2ರಿಂದ 5 ಮೆಗಾಹರ್ಟ್ಸ್‌ನದು. ಆಳ ಹೆಚ್ಚು, ಸೂಕ್ಷ್ಮತೆ ಕಡಿಮೆ. ಪರದೆಯ ಆಳವನ್ನು 7 ಸೆಂಟಿಮೀಟರಿಗೆ ಇಟ್ಟುಕೊಳ್ಳಿ.

ಮೊದಲ ಹಂತವೇ ತಪ್ಪಿನದು: ಜೆಲ್ ಹಚ್ಚದೆ ಪ್ರೋಬನ್ನು ಫ್ಯಾಂಟಮ್ ಮೇಲೆ ಮೆಲ್ಲಗೆ ಇಡಿ. ಮೇಲ್ತುದಿಯಲ್ಲಿ ಕೆಲವು ಅಡ್ಡಗೆರೆ, ಕೆಳಗೆಲ್ಲ ಕತ್ತಲು. ಅಂಗಾಂಶದಿಂದ ಗಾಳಿಗೆ ಬಂದ ಶಬ್ದ ಶೇಕಡಾ 99ಕ್ಕೂ ಹೆಚ್ಚು ಹಿಂದಕ್ಕೆ ಪುಟಿಯುತ್ತದೆ, ಕೂದಲೆಳೆಯಷ್ಟು ಗಾಳಿಯ ಪದರವೂ ಗೋಡೆಯೇ. ಈಗ ಒಂದು ಚಮಚ ಜೆಲ್ ಹಾಕಿ ಮತ್ತೆ ಇಡಿ. ಬೂದು ಮಂಜಿನೊಳಗಿನಿಂದ ಕಪ್ಪು ವೃತ್ತವೊಂದು ಮೂಡಿ ಬರುವಾಗ ಮೇಜಿನ ಸುತ್ತ ಮಾತು ನಿಲ್ಲುತ್ತದೆ. ಆ ಮೌನವನ್ನು ವಿವರಣೆಯಿಂದ ಕೆಡಿಸಬೇಡಿ, ನೋಡಲು ಬಿಡಿ.

ದಿಕ್ಕು ಗೊತ್ತುಮಾಡಿಕೊಳ್ಳುವುದು ಮುಂದಿನದು. ಪ್ರೋಬಿನ ಒಂದು ಪಕ್ಕದಲ್ಲಿ ಚುಕ್ಕೆಯೋ ಏಣೋ ಇರುತ್ತದೆ, ಪರದೆಯ ಒಂದು ಮೂಲೆಯಲ್ಲಿ ಅದೇ ಗುರುತು. ಪ್ರೋಬಿನ ಮುಖಕ್ಕೆ ಜೆಲ್ ಹಚ್ಚಿ ಒಂದು ತುದಿಯನ್ನು ಬೆರಳಿನಿಂದ ಮುಟ್ಟಿ, ಪರದೆಯ ಯಾವ ಬದಿ ಮಿನುಗುತ್ತದೆ ನೋಡಿ. ಇದನ್ನು ಬಿಟ್ಟವರು ಮುಂದೆ ಎಡಕ್ಕೆ ಸರಿಸಬೇಕಾದಲ್ಲಿ ಬಲಕ್ಕೆ ಸರಿಸುತ್ತ ಒದ್ದಾಡುತ್ತಾರೆ.

ಹಿಡಿತ ಪೆನ್ನಿನ ಹಾಗೆ, ಆದರೆ ತುದಿಗೆ ಹತ್ತಿರ. ಕಿರುಬೆರಳು ಮತ್ತು ಅಂಗೈಯ ಅಂಚು ಫ್ಯಾಂಟಮ್ ಮೇಲೆ ಒರಗಿರಬೇಕು. ಗಾಳಿಯಲ್ಲಿ ತೂಗುವ ಕೈಗೆ ಚಿತ್ರ ನಿಲ್ಲುವುದಿಲ್ಲ. ಕೈ ಚಲನೆ ನಾಲ್ಕು: ಜಾರಿಸುವುದು, ಓಲಿಸುವುದು (ಪ್ರೋಬಿನ ಉದ್ದದ ದಿಕ್ಕಿಗೆ), ವಾಲಿಸುವುದು (ಅದರ ಅಗಲದ ದಿಕ್ಕಿಗೆ), ತಿರುಗಿಸುವುದು. ಒಂದು ಸಲಕ್ಕೆ ಒಂದೇ ಮಾಡಬೇಕು. ಹೊಸಬರ ದೊಡ್ಡ ತಪ್ಪು ಇದೇ, ತಿರುಗಿಸುವಾಗ ಗೊತ್ತಿಲ್ಲದೆ ಜಾರಿಸುತ್ತಾರೆ, ನಾಳ ಕಣ್ಮರೆಯಾಗುತ್ತದೆ. ಮೊದಲು ಬಲೂನನ್ನು ಅಡ್ಡಕ್ಕೆ ಹಿಡಿದು ವೃತ್ತವನ್ನು ಪರದೆಯ ನಟ್ಟನಡುವೆ ತನ್ನಿ. ಅಲ್ಲಿಂದ 10 ಡಿಗ್ರಿ ತಿರುಗಿಸಿ, ನಿಂತು, ನಡುವೆಯೇ ಇದೆಯೇ ನೋಡಿ, ಮತ್ತೆ 10 ಡಿಗ್ರಿ. ವೃತ್ತ ಅಂಡಾಕಾರವಾಗಿ ಉದ್ದವಾಗುತ್ತ, 90 ಡಿಗ್ರಿ ತಲುಪುವಾಗ ಎರಡು ಸಮಾನಾಂತರ ಗೆರೆಗಳ ನಡುವಿನ ಕಪ್ಪು ಕಾಲುವೆಯಾಗುತ್ತದೆ. ಹೆಚ್ಚಿನವರಿಗೆ ಇದು ಮೂರನೇ ಪ್ರಯತ್ನಕ್ಕೆ ಒಲಿಯುತ್ತದೆ.

ಬೆಣಚುಕಲ್ಲು ಹುಡುಕಿ. ಮೇಲೆ ಬಿಳಿ ಕಮಾನು, ಕೆಳಗೆ ಕಪ್ಪು ನೆರಳು. ಕಲ್ಲನ್ನು ಗುರುತಿಸಲು ಆ ನೆರಳೇ ಸಾಕ್ಷಿ. ಈಗ ಗೇನ್ ಅನ್ನು, ಅಂದರೆ ಚಿತ್ರದ ಹೊಳಪು ಹೆಚ್ಚಿಸುವ ಗುಂಡಿಯನ್ನು, ತುದಿಗೆ ಏರಿಸಿ. ಪರದೆ ಹಾಲಿನಂತಾಗಿ ನೆರಳು ಮುಚ್ಚಿಹೋಗುತ್ತದೆ. ಪೂರ್ತಿ ಇಳಿಸಿ, ದ್ರಾಕ್ಷಿಯೂ ಹಿನ್ನೆಲೆಯೂ ಒಂದೇ ಕಪ್ಪು. ನಿಜವಾದ ಕಲ್ಲನ್ನು ಕಾಣದಂತೆ ಮಾಡಲು ಒಂದು ಗುಂಡಿ ಸಾಕು ಎಂಬುದು ಇಲ್ಲಿ ಮನಸ್ಸಿಗೆ ನಾಟುತ್ತದೆ. ಕೊನೆಗೆ ದ್ರಾಕ್ಷಿಯ ಅಗಲವನ್ನು ಪರದೆಯ ಅಳತೆಗೋಲಿನಿಂದ ಅಳೆದು, ಬರೆದಿಟ್ಟ ಅಳತೆಯೊಂದಿಗೆ ಹೋಲಿಸಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ. ಯಂತ್ರ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದೇ ನಂಬಿ ಲೆಕ್ಕ ಹಾಕುತ್ತದೆ, ಫ್ಯಾಂಟಮ್‌ನಲ್ಲಿ ಅದು ಸ್ವಲ್ಪ ಬೇರೆ. ಹೆಚ್ಚಿನ ವ್ಯತ್ಯಾಸ ಬಂದರೆ ದ್ರಾಕ್ಷಿಯನ್ನು ನಡುವೆ ಕತ್ತರಿಸಿಲ್ಲ, ಅಂಚಿನಲ್ಲಿ ಕತ್ತರಿಸಿದ್ದೀರಿ ಎಂದರ್ಥ.

ಜೀವಂತ ದೇಹ ನೋಡಬೇಕೆಂದರೆ ಮೇಜಿನ ಮೇಲ್ವಿಚಾರಕರು ತಮ್ಮದೇ ಮುಂಗೈ ಕೊಡಲಿ. ಮೊಣಕೈ ಮಡಿಕೆಯ ಬಳಿ ಧಾರಾಳ ಜೆಲ್ ಹಾಕಿ, ಪ್ರೋಬಿನ ಭಾರವನ್ನೂ ತಾಗಿಸದಂತೆ ಹಿಡಿದರೆ ಎರಡು ಮೂರು ಕಪ್ಪು ವೃತ್ತಗಳು ಕಾಣುತ್ತವೆ. ಕೂದಲಷ್ಟು ಒತ್ತಿದರೂ ಅಭಿಧಮನಿ ಚಪ್ಪಟೆಯಾಗಿ ಮಾಯವಾಗುತ್ತದೆ, ಅಪಧಮನಿ ಮಿಡಿಯುತ್ತ ಉಳಿಯುತ್ತದೆ. ಗಟ್ಟಿಯಾಗಿ ಒತ್ತುವವರಿಗೆ ಅಭಿಧಮನಿ ಎಂದೂ ಕಾಣುವುದಿಲ್ಲ ಎಂಬ ಪಾಠವೂ ಇದರಲ್ಲಿದೆ.

ಕೈಯಲ್ಲಿ ಹಿಡಿಯುವ ಪ್ರೋಬುಗಳು ಎಡೆಬಿಡದೆ ಓಡಿದರೆ ಬಿಸಿಯಾಗಿ ತಾವೇ ನಿಲ್ಲುತ್ತವೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಮಾತಾಡುವಾಗ ಚಿತ್ರವನ್ನು ಫ್ರೀಜ್ ಮಾಡಿಡುವ ರೂಢಿ ಹಾಕಿಸಿ.

ಲ್ಯಾಪರೊಸ್ಕೋಪಿ ಪೆಟ್ಟಿಗೆ

ಸುಮಾರು 40 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರದ ಅಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ. ಮುಚ್ಚಳದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ಎರಡು ತೂತು, ನಡುವಿನ ಅಂತರ 15ರಿಂದ 20 ಸೆಂಟಿಮೀಟರ್. ತೂತುಗಳ ಮೇಲೆ 3 ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ ಅಂಟಿಸಿ, ಅದರಲ್ಲಿ ಒಂದು ಸೆಂಟಿಮೀಟರಿನ ಅಡ್ಡ-ಉದ್ದ ಸೀಳು. ಸೀಳು ದೊಡ್ಡದಾದರೆ ಉಪಕರಣ ತೂಗಾಡುತ್ತದೆ, ಹೊಟ್ಟೆಯ ಗೋಡೆಯ ಹಿಡಿತದ ಅನುಭವ ಸಿಗುವುದಿಲ್ಲ. 5 ಮಿಲಿಮೀಟರ್ ದಪ್ಪದ, ಉದ್ದನೆಯ ಇಕ್ಕಳದಂಥ ಉಪಕರಣ ಎರಡು. ಆಸ್ಪತ್ರೆಯಲ್ಲಿ ಬಳಸಿ ಬಿಟ್ಟವಾದರೆ ಕ್ರಿಮಿಶುದ್ಧಿಯಾಗಿರಬೇಕು, ‘ತರಬೇತಿಗೆ ಮಾತ್ರ’ ಎಂದು ಬರೆದಿರಬೇಕು. ತಪ್ಪಿಯೂ ಅವು ಶಸ್ತ್ರಕ್ರಿಯೆಯ ತಟ್ಟೆಗೆ ಮರಳಬಾರದು.

ಕ್ಯಾಮೆರಾ ಎರಡು ತೂತುಗಳ ನಡುವೆ, ನಿಂತವರ ಕಡೆಯಿಂದ ಮುಂದಕ್ಕೆ ಓರೆಯಾಗಿ ನೋಡಬೇಕು. ಎದುರಿನಿಂದ ನೋಡುವಂತೆ ಇಟ್ಟರೆ ಎಲ್ಲ ಚಲನೆ ತಿರುವುಮುರುವು. ಫೋನಿನ ಮುಂಬದಿಯ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತೋರಿಸುತ್ತದೆ, ಅದೂ ಸಲ್ಲದು. ಚಿತ್ರ ತಂತಿಯಿಲ್ಲದೆ ಪರದೆಗೆ ಹೋದರೆ ಕಾಲು ಸೆಕೆಂಡ್ ತಡವಾದರೂ ಕೈ ಮುಂದೆ ಹೋಗಿ ಮರಳಿ ಬರುವ ಜೋಕಾಲಿ ಶುರುವಾಗುತ್ತದೆ. ಯುಎಸ್‌ಬಿ ತಂತಿಯ ವೆಬ್‌ಕ್ಯಾಮೇ ಮೇಲು. ಫೋಕಸ್ ಒಂದೇ ಕಡೆ ನಿಲ್ಲಿಸಿ. ಬೆಳಕಿಗೆ ಎಲ್‌ಇಡಿ ಪಟ್ಟಿ, ಕ್ಯಾಮೆರಾದ ಹಿಂದೆ.

ಕೆಲಸ: ಹಲಗೆಯ ಮೇಲೆ 12 ಗೂಟ, ಎಡಗಡೆಯ ಆರರಲ್ಲಿ ಆರು ರಬ್ಬರ್ ಬಳೆ. ಒಂದು ಕೈಯಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಿ, ಬಲಗಡೆಯ ಗೂಟಕ್ಕೆ ಹಾಕಬೇಕು. ಶಸ್ತ್ರಚಿಕಿತ್ಸಕರ ಲ್ಯಾಪರೊಸ್ಕೋಪಿ ಪರೀಕ್ಷೆಯಲ್ಲೂ ಇದೇ ಬಗೆಯ ಕೆಲಸವಿದೆ, ಅಲ್ಲಿ ಆರನ್ನೂ ದಾಟಿಸಿದ ಮೇಲೆ ಮರಳಿ ತರಬೇಕು, ಗರಿಷ್ಠ ಹೊತ್ತು 300 ಸೆಕೆಂಡ್. ಇಲ್ಲಿ ಎಡದಿಂದ ಬಲಕ್ಕೆ ಆರು ಬಳೆ ದಾಟಿಸಿದರೆ ಸಾಕು.

ಮುಚ್ಚಳ ತೆಗೆದು ನೇರವಾಗಿ ನೋಡಿ ಒಮ್ಮೆ, ಮುಚ್ಚಿ ಪರದೆ ನೋಡಿ ಒಮ್ಮೆ ಮಾಡಿಸಿ, ಎರಡೂ ಸಲ ಸೆಕೆಂಡ್ ಎಣಿಸಿ. ಎರಡನೇ ಸಲ ಹೊತ್ತು ಹಲವು ಪಟ್ಟು ಏರುತ್ತದೆ. ಸೀಳು ಇಲ್ಲಿ ಏತದ ಆಸರೆಯಂತೆ, ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ. ಜತೆಗೆ ಚಪ್ಪಟೆ ಪರದೆಯಲ್ಲಿ ಆಳ ಕಾಣದು. ಬಳೆಯ ಮುಂದೆಯೇ ಗಾಳಿಯನ್ನು ಮತ್ತೆ ಮತ್ತೆ ಹಿಡಿಯುವವರಿಗೆ ಒಂದೇ ಸೂಚನೆ: ತುದಿಯಿಂದ ಹಲಗೆ ಮುಟ್ಟಿ, ಅಲ್ಲಿಂದ ಮೇಲೆದ್ದು ಹಿಡಿಯಿರಿ. ಭುಜ ಎತ್ತಿ, ಮೊಣಕೈ ರೆಕ್ಕೆಯಂತೆ ಹರಡಿ ನಿಂತವರಿಗೆ ಪೆಟ್ಟಿಗೆ ಎತ್ತರವಾಗಿದೆ. ಹಿಡಿಕೆ ಮೊಣಕೈ ಮಟ್ಟಕ್ಕೆ ಬರುವಷ್ಟು ಮೇಜು ತಗ್ಗಿಸಿ, ಪರದೆಯನ್ನು ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇಡಿ. ಪರದೆ ಪಕ್ಕಕ್ಕಿದ್ದರೆ ಎರಡೇ ನಿಮಿಷದಲ್ಲಿ ಕತ್ತು ಹಿಡಿಯುತ್ತದೆ. ಬೇಕಿದ್ದರೆ ಅದನ್ನೂ ಮಾಡಿ ತೋರಿಸಿ.

ಮಾರುವವರು ತಂದ ಉಪಕರಣ

ಕಂಪನಿಯವರೇ ಹೊಸ ಸಾಧನ ತಂದು ತೋರಿಸುವಾಗಲೂ ಇದೇ ಕ್ರಮ ಹಿಡಿಯಬಹುದು. ಓಡುತ್ತಿರುವ ಯಂತ್ರವನ್ನು ಆರಿಸಿ, ಮೊದಲಿನಿಂದ ಶುರುಮಾಡಿ ಎನ್ನಿ. ಮೊದಲ ಬಳಸಬಹುದಾದ ಚಿತ್ರ ಅಥವಾ ಅಂಕಿ ಬರುವವರೆಗಿನ ಸೆಕೆಂಡ್ ಎಣಿಸಿ. ಕೋಣೆಯಲ್ಲಿ ಅನುಭವ ಕಡಿಮೆ ಇರುವವರ ಕೈಗೆ ಮೊದಲು ಕೊಡಿಸಿ. ಇಂಟರ್ನೆಟ್ ಕಿತ್ತರೆ ಏನೇನು ನಿಲ್ಲುತ್ತದೆ, ಒಮ್ಮೆ ಬಳಸಿ ಎಸೆಯುವ ಭಾಗ ಯಾವುದು, ದಾಖಲೆ ಎಲ್ಲಿಗೆ ಹೋಗುತ್ತದೆ, ಅಳಿಸುವುದು ಹೇಗೆ ಎಂದು ಕೇಳಿ, ಉತ್ತರವನ್ನು ಯಂತ್ರದ ಮೇಲೆಯೇ ಮಾಡಿ ತೋರಿಸಲು ಹೇಳಿ. ಕೈಪಿಡಿಯಲ್ಲಿ ದೋಷಸೂಚನೆಗಳ ಪುಟ ತೆರೆಸಿ, ಅದರಲ್ಲಿ ಒಂದನ್ನು ಬರಿಸಿ ತೋರಿಸುವಂತೆ ಕೇಳುವುದರಿಂದ ಬಹಳ ತಿಳಿಯುತ್ತದೆ.

ಅಂಕಿ ನಿಜವಾಗಿಯೂ ಕೆಟ್ಟದಾಗಿದ್ದರೆ

ಇಪ್ಪತ್ತು ಜನ ಬಂದಲ್ಲಿ ಯಾರದಾದರೂ ನಾಡಿ ಲಯ ತಪ್ಪಿರಬಹುದು, ಯಾರದಾದರೂ ಆಮ್ಲಜನಕ ಕಡಿಮೆ ಕಾಣಬಹುದು. ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಿ. ಕೈ ಬೆಚ್ಚಗೆ ಮಾಡಿ ಬೇರೆ ಬೆರಳಲ್ಲಿ, ಬೇರೆ ಸಾಧನದಲ್ಲಿ ಮತ್ತೆ ನೋಡಿ. ಮತ್ತೂ ಹಾಗೆಯೇ ಇದ್ದರೆ ಎಲ್ಲರೆದುರು ಮಾತಾಡದೆ, ಅಲ್ಲಿಯೇ ಇರುವಂತೆ ಒಪ್ಪಿಸಿದ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮೇಜಿನ ಬಳಿ ಯಾರೂ ರೋಗದ ಹೆಸರು ಹೇಳಬಾರದು. ಉಸಿರಾಟಕ್ಕೆ ಕಷ್ಟ, ಎದೆನೋವು ಇದ್ದರೆ ಮರು ಅಳತೆಗೆ ಕಾಯಬೇಡಿ. ಅಳತೆಗಳ ಜತೆ ಹೆಸರು ಬರೆಯಬೇಡಿ, ಆ್ಯಪ್‌ಗಳಲ್ಲಿ ಅತಿಥಿ ಖಾತೆ ಬಳಸಿ, ದಿನ ಮುಗಿದ ಮೇಲೆ ಅಳಿಸಿ. ಆ್ಯಪ್ ತಾನಾಗಿ ಅಪ್‌ಡೇಟ್ ಆಗುವುದನ್ನು ಹಿಂದಿನ ದಿನವೇ ನಿಲ್ಲಿಸಿ, ಪ್ರತಿ ಸಾಧನವನ್ನು ಅದರದೇ ಫೋನಿಗೆ ಜೋಡಿಸಿ ಸಂಖ್ಯೆ ಅಂಟಿಸಿ. ಇಲ್ಲದಿದ್ದರೆ ಮೊದಲನೇ ಮೇಜಿನ ಆಕ್ಸಿಮೀಟರ್ ಎರಡನೇ ಮೇಜಿನ ಫೋನಿಗೆ ಹೋಗಿ ಕೂರುತ್ತದೆ.

ಕ್ಲಿಪ್ಪು, ಇಸಿಜಿ ಪಟ್ಟಿಗಳನ್ನು ಒಬ್ಬರಿಂದ ಒಬ್ಬರಿಗೆ ಒರೆಸಿಯೇ ಕೊಡಿ. ಲೇಟೆಕ್ಸ್ ಅಲರ್ಜಿ ಇರುವವರಿಗೆ ಬಲೂನು, ಕೈಗವಸು ತಾಗದಂತೆ ನೋಡಿಕೊಳ್ಳಿ. ಪ್ರೋಬಿನ ಜೆಲ್ಲನ್ನು ಮೊದಲು ಒಣ ಬಟ್ಟೆಯಿಂದ ತೆಗೆದು, ಆಮೇಲೆ ತಯಾರಕರ ಕೈಪಿಡಿ ಒಪ್ಪುವ ದ್ರಾವಣದಿಂದಲೇ ಒರೆಸಿ. ಜೆಲ್ ಒಣಗಿ ಕೂತರೆ ಒರೆಸಿದ್ದು ಒರೆಸಿದಂತಲ್ಲ, ಕೈಪಿಡಿ ಒಪ್ಪದ ಆಲ್ಕೋಹಾಲ್ ಪ್ರೋಬಿನ ಮುಖದ ರಬ್ಬರನ್ನು ಬಿರುಕು ಬಿಡಿಸಬಹುದು. ಫ್ಯಾಂಟಮ್‌ನಿಂದ ಗುರಿಗಳನ್ನು ಕಿತ್ತು ತೊಳೆದು, ಉಳಿದದ್ದನ್ನು ಹಸಿ ಕಸಕ್ಕೆ ಹಾಕಿ. ಕರಗಿಸಿ ಬಚ್ಚಲಿಗೆ ಸುರಿದರೆ ಕೊಳವೆಯೊಳಗೆ ಮತ್ತೆ ಗಟ್ಟಿಯಾಗುತ್ತದೆ.